ಯಾರೂ ಮಾಡದ ಎರಡನೇ ಲೆಕ್ಕ

“ಕೊನೇ ಅಂಕಿವರೆಗೂ ಓದಿ ಸಾರ್. ಮಧ್ಯದಲ್ಲಿ ನಿಲ್ಲಿಸಬೇಡಿ,” ಎಂದಳು ಪತ್ತೇದಾರಮ್ಮ.

ಸಂಶೋಧನಾಲಯದ ಚಿಕ್ಕ ಸಾರ್ ಕನ್ನಡಕ ಸರಿಮಾಡಿಕೊಂಡು ಕಂಪ್ಯೂಟರಿನ ಪರದೆಯ ಕಡೆ ಬಾಗಿದರು. ಮೈನಸ್ ಎಂದರು, ಅಂಕಿಗಳನ್ನು ಒಂದೊಂದಾಗಿ ಹೇಳಿದರು, ದಶಾಂಶದ ಬಿಂದು ದಾಟಿದರು, ಸಾಲಿನ ತುದಿ ಮುಟ್ಟಿ ಉಸಿರುಬಿಟ್ಟರು.

“ಇದು ನನ್ನ ತಂಗಿ ಲೆಕ್ಕ. ಈಗ ಪಕ್ಕದ ಪರದೆ ನೋಡಿ. ಅದು ನಿಮ್ಮದು ಅಲ್ವಾ? ಅದನ್ನೂ ಓದಿ.”

ಚಿಕ್ಕ ಸಾರ್ ಓದಲಿಲ್ಲ. ಪತ್ತೇದಾರಮ್ಮ ಕುರ್ಚಿ ಎಳೆದುಕೊಂಡು ಅವರ ಮುಂದೆಯೇ ಕೂತಳು. ಬಾಗಿಲ ಹತ್ತಿರ ನಿಂತಿದ್ದ ಇನ್ಸ್‌ಪೆಕ್ಟರು ಗೋಡೆ ಗಡಿಯಾರ ನೋಡಿದರು. ಸಂಜೆಯೊಳಗೆ ಬೇರೆ ದಾರಿ ತೋರಿಸದಿದ್ದರೆ ಆ ತಂಗಿ ಪುಟ್ಟಿಯನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವರು ಬೆಳಿಗ್ಗೆಯೇ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು.

ಆದದ್ದಿಷ್ಟು. ಸಂಶೋಧನಾಲಯದ ಮುಖ್ಯಸ್ಥರಾದ ದೊಡ್ಡ ಸಾರ್, ಆಯಸ್ಕಾಂತದ ಕೋಣೆಯಲ್ಲಿ, ಇದ್ದಲ್ಲಿಂದ ಅಲುಗಾಡಬಾರದಾಗಿದ್ದ ಒಂದು ಇಟ್ಟಿಗೆ ಹಾರಿಬಂದು ತಲೆಗೆ ಬಡಿದು ಸತ್ತಿದ್ದರು. ಅದು ಅಲುಗಾಡುವುದಿಲ್ಲ ಎಂದು ಲೆಕ್ಕ ಮಾಡಿ ಕೊಟ್ಟವಳು ಪುಟ್ಟಿ, ಪತ್ತೇದಾರಮ್ಮನ ಒಡಹುಟ್ಟಿದ ತಂಗಿ.

ಇಟ್ಟಿಗೆ ಅಂದರೆ ಮನೆ ಕಟ್ಟುವ ಇಟ್ಟಿಗೆಯಲ್ಲ. ಕಬ್ಬಿಣ ಮತ್ತು ಇನ್ನೊಂದು ಲೋಹದ ಆಕ್ಸೈಡ್ ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಸುಟ್ಟು ಮಾಡಿದ ಕರೀ ಗಟ್ಟಿ. ಇಂಥದರಲ್ಲಿ ಲೋಹದ ಪರಮಾಣುಗಳು ತಮ್ಮ ಕೆಲವು ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಕೊಡದೆ ಉಳಿಸಿಕೊಂಡ ಎಲೆಕ್ಟ್ರಾನುಗಳಿಂದ ಒಂದೊಂದು ಪರಮಾಣುವೂ ಒಂದೊಂದು ಪುಟಾಣಿ ಆಯಸ್ಕಾಂತವಾಗುತ್ತದೆ. ಅಕ್ಕಪಕ್ಕದವು ಒಂದು ಮೇಲೆ, ಒಂದು ಕೆಳಗೆ ಮುಖಮಾಡಿ ನಿಂತರೆ ಒಂದರ ಬಲವನ್ನು ಇನ್ನೊಂದು ತಿಂದುಹಾಕಿ ಇಟ್ಟಿಗೆ ಸಪ್ಪೆಯಾಗಿ ಬಿದ್ದಿರುತ್ತದೆ. ಮೇಲೆ ನೋಡುವವು ಹೆಚ್ಚಾಗಿ ಕೆಳಗೆ ನೋಡುವವು ಕಡಿಮೆಯಾದರೆ ಇಡೀ ಇಟ್ಟಿಗೆಯೇ ಆಯಸ್ಕಾಂತ.

ಈ ಇಟ್ಟಿಗೆ ಎರಡರಲ್ಲಿ ಯಾವ ಜಾತಿಯದು ಎಂದು ಹೊರಗಿನ ಬಿಸಿಯಲ್ಲಿ ಗೊತ್ತಾಗುವುದಿಲ್ಲ. ದ್ರವ ಸಾರಜನಕದಲ್ಲಿ ಮುಳುಗಿಸಿ, ಮೂಳೆ ಕೊರೆಯುವಷ್ಟು ತಣ್ಣಗೆ ಮಾಡಿದಾಗ ಮಾತ್ರ ಅದರ ನಿಜಗುಣ ಹೊರಬೀಳುತ್ತದೆ. ಹಾಗೆ ತಣ್ಣಗಾದದ್ದನ್ನು ಆಳೆತ್ತರದ ಆಯಸ್ಕಾಂತದ ಮುಂದೆ ಒಯ್ಯುವ ಮೊದಲು ಅದು ಎಂಥದ್ದು ಎಂದು ತಿಳಿದಿರಲೇಬೇಕು. ಅದಕ್ಕೇ ಕಂಪ್ಯೂಟರಿನಲ್ಲಿ ಮುಂಚೆಯೇ ಲೆಕ್ಕ ಮಾಡುವುದು.

ಆದರೆ ಆ ಕಂಪ್ಯೂಟರೋ, ಬುದ್ಧಿವಂತನಾದ ಸೋಮಾರಿ. ಗುಡ್ಡದಿಂದ ಉರುಳಿಬಿಟ್ಟ ಚೆಂಡಿನ ಹಾಗೆ ಮೊದಲು ಸಿಕ್ಕ ಗುಂಡಿಯಲ್ಲಿ ಕೂತುಬಿಡುತ್ತದೆ. ಪಕ್ಕದಲ್ಲೇ ಇನ್ನೂ ಆಳದ ಗುಂಡಿ ಇದ್ದರೂ ಅದಕ್ಕೆ ತಿಳಿಯದು. ಗುಂಡಿಯ ಆಳವೇ ಪರದೆಯ ಮೇಲೆ ಬರುವ ಆ ಮೈನಸ್ ಅಂಕಿ; ಎಲ್ಲಕ್ಕಿಂತ ಆಳದ ಗುಂಡಿಯೇ ನಿಜವಾದ ಉತ್ತರ. ಹಾಗಾಗಿ ಅಲ್ಲೊಂದು ಕಟ್ಟುನಿಟ್ಟಿನ ನಿಯಮವಿತ್ತು: ಇಬ್ಬರು ಜನ, ಎರಡು ಬೇರೆ ಬೇರೆ ಕಡೆಯಿಂದ ಚೆಂಡು ಉರುಳಿಸಬೇಕು. ಎರಡೂ ಒಂದೇ ಗುಂಡಿಗೆ ಬಂದರೆ ಮಾತ್ರ ಆಯಸ್ಕಾಂತದ ಕೋಣೆಯ ಬಾಗಿಲು ತೆರೆಯುವುದು. ಮೊದಲ ಲೆಕ್ಕ ಪುಟ್ಟಿಯದು. ಎರಡನೆಯದು, ದೊಡ್ಡ ಸಾರ್ ಆದಮೇಲೆ ಅಲ್ಲಿನ ಹಿರಿಯರಾದ ಚಿಕ್ಕ ಸಾರ್ ಅವರದು.

ಆ ಬಾಗಿಲು ತೆರೆಯುವವನು, ಅಂದರೆ ಆಯಸ್ಕಾಂತದ ಕೋಣೆಯ ಮೇಲ್ವಿಚಾರಕ, ಪತ್ತೇದಾರಮ್ಮನ ಗಂಡ. ಅವತ್ತು ದೊಡ್ಡ ಸಾರ್ ಆಯಸ್ಕಾಂತದ ಬಾಯಿಗೆ ಬಗ್ಗಿ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದರು. ತಣ್ಣನೆಯ ಇಟ್ಟಿಗೆ ಇಟ್ಟ ಮರದ ಗಾಡಿಯನ್ನು ಒಳಗೆ ತಳ್ಳಿದವನು ಅವನು. “ಲೆಕ್ಕ ನಂಬಿದೆ ಕಣೇ, ನನ್ನ ಕೈಯಾರೆ ತಳ್ಳಿದೆನಲ್ಲೇ!” ಎಂದು ಅವನು ಹೆಂಡತಿಯ ಮಡಿಲಲ್ಲಿ ತಲೆಯಿಟ್ಟು ಅತ್ತದ್ದನ್ನು ನೋಡಿದ್ದರೆ ಕಲ್ಲೂ ಕರಗುತ್ತಿತ್ತು. ನಿಮ್ಮದೇನು ತಪ್ಪು ರೀ, ಎರಡು ಲೆಕ್ಕ ಸರಿ ಅಂದಮೇಲೆ ತಾನೇ ತಳ್ಳಿದ್ದು ಎಂದು ಅವಳು ಮಗುವಿಗೆ ಹೇಳುವಂತೆ ಹೇಳಿದ್ದಳು. ಈಗಲೂ ಅವನು ಹೊರಗಿನ ಬೆಂಚಿನ ಮೇಲೆ ಫ್ಲಾಸ್ಕಿನಲ್ಲಿ ಟೀ ಇಟ್ಟುಕೊಂಡು ಅವಳಿಗಾಗಿ ಕಾಯುತ್ತಿದ್ದ.

“ಓದಲ್ವಾ ಸಾರ್? ಹೋಗ್ಲಿ, ನಾನೇ ಓದ್ತೀನಿ.”

ಅವಳು ಓದಿದಳು. ಚಿಕ್ಕ ಸಾರ್ ಈಗಷ್ಟೇ ಹೇಳಿದ ಅಂಕಿಗಳೇ ಒಂದಾದಮೇಲೊಂದು ಬಂದವು. ದಶಾಂಶದ ಆಚೆಯೂ ಅವೇ, ಸಾಲಿನ ತುದಿಯಲ್ಲೂ ಅವೇ.

“ಸರಿ, ಒಂದೇ ಬಂದಿದೆ. ಅದರಲ್ಲೇನಮ್ಮ?” ಎಂದರು ಇನ್ಸ್‌ಪೆಕ್ಟರು. “ಎರಡೂ ಒಂದೇ ಬರಬೇಕು ಅಂತಾನೇ ಅಲ್ವಾ ಇವರ ನಿಯಮ?”

“ಒಂದೇ ಬರಬೇಕು ಸಾರ್. ಇಷ್ಟೊಂದು ಒಂದೇ ಬರಬಾರದು.”

ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿದರು.

“ಎರಡು ಕಡೆಯಿಂದ ಬಂದ ಚೆಂಡು ಒಂದೇ ಗುಂಡಿಗೆ ಬಿದ್ರೂ, ನಿಂತ ಜಾಗದಲ್ಲಿ ಎಳ್ಳಷ್ಟಾದ್ರೂ ವ್ಯತ್ಯಾಸ ಇರುತ್ತೆ. ಕಂಪ್ಯೂಟರು ಪೂರ್ತಿ ತಳ ಮುಟ್ಟೋವರೆಗೆ ಕಾಯಲ್ಲ, ಹತ್ತಿರ ಬಂದ ತಕ್ಷಣ ‘ಸಾಕು’ ಅಂದ್ಬಿಡುತ್ತೆ. ಮುಂದಿನ ಅಂಕಿ ಒಂದೇ, ಬಾಲದ ಅಂಕಿ ಬೇರೆ ಬೇರೆ. ನನ್ನ ತಂಗಿ ಊಟಕ್ಕೆ ಕೂತಾಗೆಲ್ಲ ಇದನ್ನ ಬೈಕೊಂಡು ಬೈಕೊಂಡು ಮನೆಯವರಿಗೆಲ್ಲ ಬಾಯಿಪಾಠ ಮಾಡ್ಸಿದಾಳೆ. ಇವರು ಪರಮಾಣುಗಳನ್ನೆಲ್ಲ ಒಂದೇ ದಿಕ್ಕಿಗೆ ನಿಲ್ಸಿ ಶುರು ಮಾಡ್ದೆ ಅಂತ ನಿಮಗೆ ಹೇಳಿಕೆ ಕೊಟ್ಟಿದಾರೆ. ಅವಳು ಒಂದು ಮೇಲೆ ಒಂದು ಕೆಳಗೆ ನಿಲ್ಸಿ ಶುರು ಮಾಡಿದ್ಳು. ದಾರಿನೇ ಬೇರೆ ಸಾರ್, ಬಾಲ ಮಾತ್ರ ಹೇಗೆ ಒಂದೇ?”

“ಅಂದ್ರೆ ಪರೀಕ್ಷೇಲಿ ಪಕ್ಕದವನ ಉತ್ತರಾನ ಚಿತ್ತು ಸಮೇತ ಕಾಪಿ ಹೊಡೆದ ಹಾಗೆ!”

“ಚಿತ್ತು ಸಮೇತ.”

ಇನ್ಸ್‌ಪೆಕ್ಟರು ಚಿಕ್ಕ ಸಾರ್ ಕಡೆ ತಿರುಗಿದರು. ಅಲ್ಲಿಯವರೆಗೆ ಅವರ ಕಣ್ಣೆಲ್ಲ ಪುಟ್ಟಿಯ ಮೇಲಿತ್ತು. ಒಂದೇ ಪರಮಾಣುವಿನಲ್ಲಿರುವ ಎರಡು ಎಲೆಕ್ಟ್ರಾನುಗಳು ಒಂದನ್ನೊಂದು ಎಷ್ಟು ಸಹಿಸುವುದಿಲ್ಲ ಎನ್ನುವುದಕ್ಕೆ ಒಂದು ಸಂಖ್ಯೆ ಇದೆ. ಅದನ್ನು ಲೆಕ್ಕ ಮಾಡುವವರು ತಮ್ಮ ಅಂದಾಜಿನಿಂದಲೇ ಕೊಡಬೇಕು. ಆ ಸಂಖ್ಯೆ ಆರಿಸಿದವಳು ಪುಟ್ಟಿ, ನಾನು ಅವಳನ್ನು ನಂಬಿ ಅದನ್ನೇ ಬಳಸಿದೆ, ತಪ್ಪಿದ್ದರೆ ಅಲ್ಲೇ ಎಂದು ಚಿಕ್ಕ ಸಾರ್ ಮೊದಲ ದಿನವೇ ಬೊಟ್ಟುಮಾಡಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಇನ್ಸ್‌ಪೆಕ್ಟರೂ ನಂಬಿದ್ದರು. ಪುಟ್ಟಿ ಸಾವಿನ ಹಿಂದಿನ ವಾರ ದೊಡ್ಡ ಸಾರ್ ಜತೆ ಎಲ್ಲರ ಎದುರು ಜಗಳವಾಡಿದ್ದಳು ಬೇರೆ. ಅದಕ್ಕಿಂತ ದೊಡ್ಡ ಅನುಮಾನವೆಂದರೆ, ಅವರು ಸತ್ತ ಗಳಿಗೆಯಿಂದ ಅವಳು ತುಟಿ ಎರಡು ಮಾಡಿರಲಿಲ್ಲ. ಅಕ್ಕ ಕೇಳಿದರೂ ಇಲ್ಲ.

“ಮಾತಾಡಿ ಸಾರ್,” ಎಂದಳು ಪತ್ತೇದಾರಮ್ಮ. “ನೀವು ಎರಡನೇ ಲೆಕ್ಕ ಮಾಡೇ ಇಲ್ಲ.”

ಚಿಕ್ಕ ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಆ ಮುಖ ಒಮ್ಮೆಲೇ ಮುದಿಯಾಗಿ ಕಂಡಿತು.

“ಇಲ್ಲ.”

“ಏನು?” ಇನ್ಸ್‌ಪೆಕ್ಟರು ಬಾಗಿಲು ಬಿಟ್ಟು ಮುಂದೆ ಬಂದರು.

“ಮಾಡ್ಲಿಲ್ಲ ಸಾರ್. ಅವಳದ್ದನ್ನೇ ಹೆಸರು ಬದಲಾಯಿಸಿ ಇಟ್ಬಿಟ್ಟೆ.” ಅವರ ಕೈಗಳು ಮೇಜಿನ ಮೇಲೆ ಏನನ್ನೋ ಹುಡುಕುವಂತೆ ಓಡಾಡಿದವು. “ಇಷ್ಟು ವರ್ಷದಲ್ಲಿ ಆ ಹುಡುಗಿ ಲೆಕ್ಕ ಒಂದೇ ಒಂದ್ಸಲ ಸುಳ್ಳಾಗಿರ್ಲಿಲ್ಲ. ದೊಡ್ಡ ಸಾರ್ ದಿನಾ ಬಂದು ‘ಆಯ್ತಾ, ಆಯ್ತಾ’ ಅಂತ ತಲೆ ಮೇಲೆ ಕೂತಿದ್ರು. ನನ್ನ ಲೆಕ್ಕಾನ ಕಂಪ್ಯೂಟರಿನ ಸರದೀಲಿ ಹಾಕಿ ಕಾದೆ. ಕಾದೆ ಕಾದೆ, ಶುರುನೇ ಆಗ್ಲಿಲ್ಲ. ಹೇಗಿದ್ರೂ ಅದೇ ಉತ್ತರ ಬರುತ್ತೆ ಅಂತ...”

“ಅದೇ ಉತ್ತರ ಬರುತ್ತೆ ಅಂತ ಒಬ್ಬರ ಪ್ರಾಣ ತೆಗೆದ್ರಿ!” ಪತ್ತೇದಾರಮ್ಮ ಎದ್ದುನಿಂತಳು. “ಅದೂ ಸಾಲದು ಅಂತ ನನ್ನ ತಂಗಿ ಕಡೆ ಕೈ ತೋರಿಸಿದ್ರಿ. ನಾಚಿಕೆ ಆಗ್ಲಿಲ್ವಾ ಸಾರ್? ಮಗಳ ವಯಸ್ಸಿನವಳು!”

ಚಿಕ್ಕ ಸಾರ್ ಮುಖ ಮುಚ್ಚಿಕೊಂಡು ಅತ್ತರು. ಹೆಂಗಸರ ಅಳು ಕಂಡರೆ ಸುಮ್ಮನಿರುವ ಇನ್ಸ್‌ಪೆಕ್ಟರು ಗಂಡಸು ಅತ್ತದ್ದನ್ನು ನೋಡಿ ಏನು ಮಾಡಬೇಕೆಂದು ತಿಳಿಯದೆ ಕಿಟಕಿಯ ಕಡೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ನಿಮ್ಮ ತಂಗೀನ ಮನೆಗೆ ಕರ್ಕೊಂಡ್ಹೋಗಿ ಅಮ್ಮ. ಲೆಕ್ಕ ತಪ್ಪೋದು ಅಪರಾಧ ಅಲ್ಲ. ಮಾಡದೇ ಮಾಡ್ದೆ ಅನ್ನೋದು ಅಪರಾಧ,” ಎಂದರು.

ಅಬ್ಬಾ! ಪತ್ತೇದಾರಮ್ಮನಿಗೆ ತಲೆಯ ಮೇಲಿಂದ ಮಣಭಾರ ಇಳಿದಂತಾಯಿತು. ಕಣ್ಣು ಮಂಜಾದವು. ಮನೆಯಲ್ಲಿ ಅಮ್ಮ ನೆಟ್ಟಗೆ ಒಂದು ತುತ್ತು ತಿಂದಿರಲಿಲ್ಲ, ಓಡಿಹೋಗಿ ಅವರಿಗೆ ಮೊದಲು ಹೇಳಬೇಕು ಎನಿಸಿತು.

ಅಷ್ಟಕ್ಕೇ ಅವಳು ಬಾಗಿಲು ದಾಟಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಬಾಗಿಲ ಚಿಲಕಕ್ಕೆ ಕೈಯಿಟ್ಟವಳು ತಿರುಗಿ ನಿಂತಳು.

“ಅಲ್ಲ ಸಾರ್, ನಿಮ್ಮ ಲೆಕ್ಕ ಯಾಕೆ ಶುರು ಆಗ್ಲಿಲ್ಲ? ನೀವು ಇಲ್ಲಿ ಹಿರಿಯರು. ಸರದೀಲಿ ನಿಮ್ಮನ್ನ ಕಾಯಿಸೋರು ಯಾರು?”

“ಕಂಪ್ಯೂಟರು ಖಾಲಿ ಇರ್ಲಿಲ್ಲಮ್ಮ.”

“ಪೂರ್ತಿಯಾ? ಅಷ್ಟು ದೊಡ್ಡ ಯಂತ್ರ!”

“ಪೂರ್ತಿ. ವಾರವೆಲ್ಲಾ ಒಬ್ರೇ ಹಿಡ್ಕೊಂಡು ಕೂತಿದ್ರು.”

“ಯಾರು?”

ಚಿಕ್ಕ ಸಾರ್ ತಲೆ ಎತ್ತಿ ಅವಳನ್ನು ನೋಡಿದರು. ಸಿಕ್ಕಿಬಿದ್ದ ಮನುಷ್ಯ ಎದುರಾಳಿಯನ್ನು ನೋಡುವ ನೋಟವಲ್ಲ ಅದು, ಮರುಕದ ನೋಟ. ಅವಳಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

“ಕೇಳಬೇಡಮ್ಮ,” ಎಂದರು.

“ಹೇಳ್ರೀ,” ಎಂದರು ಇನ್ಸ್‌ಪೆಕ್ಟರು.

“ನಿಮ್ಮ ತಂಗಿ.”

ಪತ್ತೇದಾರಮ್ಮನ ಕೈ ಚಿಲಕದ ಮೇಲೆಯೇ ಉಳಿಯಿತು. “ಅವಳ ಲೆಕ್ಕ ಆಗ್ಲೇ ಮುಗಿದಿತ್ತಲ್ಲ. ಮತ್ತೇನು ಮಾಡ್ತಿದ್ಳು?”

“ಅದೇ ಇಟ್ಟಿಗೆ. ಮತ್ತೆ ಮೊದಲಿಂದ.” ಚಿಕ್ಕ ಸಾರ್ ಕನ್ನಡಕ ಹಾಕಿಕೊಂಡು ಕೀಲಿಮಣೆ ಎಳೆದುಕೊಂಡರು. “ನಾವು ಇಡೀ ಇಟ್ಟಿಗೆನ ಲೆಕ್ಕ ಮಾಡಲ್ಲಮ್ಮ. ಒಂದು ಸಣ್ಣ ತುಂಡು ತಗೊಂಡು, ಉಳಿದದ್ದೂ ಹೀಗೇ ಅಂತ ಅಂದ್ಕೋತೀವಿ. ಸಣ್ಣ ತುಂಡಲ್ಲಿ ‘ಒಂದು ಮೇಲೆ, ಒಂದು ಕೆಳಗೆ’ ಅನ್ನೋದು ಹಿಡಿಸುತ್ತೆ. ‘ಮೂರು ಮೇಲೆ, ಎರಡು ಕೆಳಗೆ’ ಹಿಡಿಸೋದೇ ಇಲ್ಲ. ಅದಕ್ಕೆ ದೊಡ್ಡ ತುಂಡು ಬೇಕು. ಅವಳಿಗೆ ಅನುಮಾನ ಬಂದಿರ್ಬೇಕು. ಯಾರಿಗೂ ಹೇಳ್ದೆ ದೊಡ್ಡ ತುಂಡು ಹಾಕಿದ್ಳು. ಅದು ಇಡೀ ಯಂತ್ರಾನ ನುಂಗಿಬಿಡ್ತು. ನಾನು ಮಾಡಬೇಕಾದ ಕೆಲಸಕ್ಕೆ ಅಪ್ಪನಂಥ ಕೆಲಸ ಅವಳು ಮಾಡ್ತಿದ್ಳು. ಅದರಿಂದಾನೇ ನಂಗೆ ಜಾಗ ಸಿಗ್ಲಿಲ್ಲ. ಇದು ನಂಗೆ ಗೊತ್ತಾಗಿದ್ದು ದೊಡ್ಡ ಸಾರ್ ಸತ್ತಮೇಲೆ, ಹುಡುಕಿ ನೋಡ್ದಾಗ.”

“ಆಗ್ಲೇ ಯಾಕ್ರೀ ಹೇಳ್ಲಿಲ್ಲ?” ಇನ್ಸ್‌ಪೆಕ್ಟರು ಗದರಿದರು.

“ಸರದಿ ಮಾತೆತ್ತಿದ್ರೆ ನಾನು ಕಾಪಿ ಮಾಡಿದ್ದು ಹೊರಗೆ ಬರ್ತಿತ್ತಲ್ಲ ಸಾರ್.”

“ಉತ್ತರ?” ಎಂದಳು ಪತ್ತೇದಾರಮ್ಮ. “ಆ ದೊಡ್ಡ ಲೆಕ್ಕದ ಉತ್ತರ ಏನು ಬಂತು?”

ಪರದೆಯ ಮೇಲೆ ಹೊಸದೊಂದು ಸಾಲು ಮೂಡಿತು. ಬೇರೆ ಅಂಕಿಗಳು, ಆಳದ ಗುಂಡಿಯ ಅಂಕಿಗಳು. ಕೆಳಗೆ ಪರಮಾಣುಗಳ ಸಾಲು: ಮೂರು ಮೇಲೆ, ಎರಡು ಕೆಳಗೆ. ಒಟ್ಟು ಬಲ ಸೊನ್ನೆ ಬರಬೇಕಾದಲ್ಲಿ ಸೊನ್ನೆ ಇರಲಿಲ್ಲ.

“ಎಳೆಯುತ್ತೆ,” ಎಂದರು ಚಿಕ್ಕ ಸಾರ್. “ಭಯಂಕರವಾಗಿ ಎಳೆಯುತ್ತೆ. ಉತ್ತರ ಬಂದದ್ದು ಅವತ್ತು ಬೆಳಿಗ್ಗೆ. ಇಟ್ಟಿಗೆ ಗಾಡಿ ಆ ಕೋಣೆಯೊಳಗೆ ಹೋಗೋ ಮುಂಚೆ.”

ತಂಗಿಯನ್ನು ಉಳಿಸಲು ಪತ್ತೇದಾರಮ್ಮ ತಾನೇ ಕೆದಕಿ ತೆಗೆದ ಸತ್ಯ, ತಂಗಿಯ ಕೊರಳಿಗೇ ಸುತ್ತಿಕೊಂಡಿತ್ತು. ಪುಟ್ಟಿಗೆ ಗೊತ್ತಿತ್ತು. ಇಟ್ಟಿಗೆ ಹಾರುತ್ತದೆ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಳೇ? ಇರುವೆ ತುಳಿದರೆ ಮರುಗುವ ಹುಡುಗಿ!

“ಅಮ್ಮ,” ಎಂದರು ಇನ್ಸ್‌ಪೆಕ್ಟರು, ಈ ಸಲ ಮೆತ್ತಗೆ. “ಈಗ ಇದು ಲೆಕ್ಕ ತಪ್ಪಿದ ಮಾತಲ್ಲ. ನಿಮಗೂ ಗೊತ್ತು.”

“ನಾನು ಮೊದ್ಲು ಮಾತಾಡ್ತೀನಿ. ಒಬ್ಬಳೇ. ದಯವಿಟ್ಟು.”

ಅವರು ತಲೆಯಾಡಿಸಿದರು. “ಇವರ ಹೇಳಿಕೆ ಬರೆಸ್ಕೊಂಡು ಬರೋಷ್ಟು ಹೊತ್ತು. ಅಷ್ಟೇ.”

ಕಾರಿಡಾರಿನಲ್ಲಿ ಗಂಡ ಬೆಂಚಿನಿಂದ ಎದ್ದು, “ಏನಾಯ್ತೇ? ಮುಖ ಯಾಕೆ ಹೀಗಾಗಿದೆ? ಟೀನಾದ್ರೂ ಕುಡಿ,” ಎಂದು ಫ್ಲಾಸ್ಕು ತೆರೆಯಹೋದ. “ಆಮೇಲೆ ರೀ,” ಎಂದು ಅವಳು ನಿಲ್ಲದೆ ನಡೆದಳು.

ಪುಟ್ಟಿ ವಾಚನಾಲಯದ ಮೂಲೆಯ ಕುರ್ಚಿಯಲ್ಲಿ, ಪುಸ್ತಕದ ಕಪಾಟಿಗೆ ತಲೆಯಾನಿಸಿ ಕೂತಿದ್ದಳು. ಬಾಗಿಲಲ್ಲಿ ಕಾವಲಿದ್ದ ಪೊಲೀಸಮ್ಮ ಹೊರಗೆ ಸರಿದುನಿಂತಳು. ಪತ್ತೇದಾರಮ್ಮ ಪೀಠಿಕೆ ಹಾಕಲಿಲ್ಲ.

“ದೊಡ್ಡ ತುಂಡಿನ ಲೆಕ್ಕ ಸಿಕ್ತು ಪುಟ್ಟಿ.”

ಪುಟ್ಟಿಯ ಕಣ್ಣು ಅಗಲವಾದವು. ಇಷ್ಟು ದಿನ ಅದುಮಿಟ್ಟಿದ್ದ ಅಳು ಒಂದೇ ಸಲಕ್ಕೆ ಉಕ್ಕಿ ಬಂದು, ಅವಳು ಅಕ್ಕನ ಸೆರಗಿಗೆ ಮುಖವೊತ್ತಿದಳು.

“ಇಟ್ಟಿಗೆ ಎಳೆಯುತ್ತೆ ಅಂತ ನಿಂಗೆ ಗೊತ್ತಿತ್ತಾ? ನಿಜ ಹೇಳೇ.”

“ಗೊತ್ತಿತ್ತಕ್ಕ.”

“ಅಯ್ಯೋ ಹುಚ್ಚೀ! ಗೊತ್ತಿದ್ದೂ ಸುಮ್ಮನಿದ್ಯಾ? ದೊಡ್ಡ ಸಾರ್ ಹತ್ರ ಜಗಳ ಆಡಿದ್ದಕ್ಕೆ ಸೇಡಾ? ಮನುಷ್ಯಳೇನೇ ನೀನು?” ಅವಳ ಕೈ ತಂಗಿಯ ಭುಜವನ್ನು ಹಿಡಿದು ಅಲುಗಾಡಿಸಿಬಿಟ್ಟಿತು.

“ಸುಮ್ಮನಿರ್ಲಿಲ್ಲಕ್ಕ!” ಪುಟ್ಟಿ ಬಿಕ್ಕುತ್ತಲೇ ಕೂಗಿದಳು. “ಜಗಳ ಆಡಿದ್ದೂ ಅದಕ್ಕೇ. ಒಂದು ವಾರ ತಡೀರಿ, ನಂಗ್ಯಾಕೋ ಅನುಮಾನ ಅಂದೆ. ಹಠಮಾರಿ ಅಂತ ಬೈದ್ರು. ಅವತ್ತು ಉತ್ತರ ಬಂದ ತಕ್ಷಣ ಅವರಿಗೆ ಫೋನ್ ಮಾಡ್ದೆ. ಆ ಕೋಣೆಗೆ ಯಾರೂ ಫೋನ್ ಒಯ್ಯೋ ಹಾಗಿಲ್ವಲ್ಲ, ಹೊರಗಿನ ಪೆಟ್ಟಿಗೇಲಿ ರಿಂಗಾಗ್ತಾ ಇತ್ತು. ಓಡಿದೆ ಅಕ್ಕ. ಚಪ್ಪಲಿನೂ ಹಾಕ್ಕೊಳ್ದೆ ಓಡಿದೆ.”

“ಆಮೇಲೆ?”

“ಬಾಗಿಲಲ್ಲಿ ಹೇಳ್ದೆ. ಇಟ್ಟಿಗೆ ಎಳೆಯುತ್ತೆ, ಗಾಡಿ ಒಳಗೆ ಬಿಡಬೇಡಿ ಅಂತ ಬಿಡಿಸಿ ಬಿಡಿಸಿ ಹೇಳ್ದೆ. ನನ್ನ ತಲೇಲಿ ಕಬ್ಬಿಣದ ಪಿನ್ನಿತ್ತು. ನೀನು ಒಳಗೆ ಬರಬೇಡ, ನಾನು ಅವರಿಗೆ ಹೇಳ್ತೀನಿ, ನೀನು ಹೋಗು ಪುಟ್ಟಿ ಅಂದ್ರು. ನಾನು ಕಾರಿಡಾರ್ ದಾಟೋಷ್ಟರಲ್ಲಿ ಆ ಸದ್ದು...” ಅವಳು ಎರಡೂ ಕಿವಿ ಮುಚ್ಚಿಕೊಂಡಳು.

ಆ ಬಾಗಿಲಲ್ಲಿ ನಿಲ್ಲುವವರು ಲೋಕದಲ್ಲಿ ಒಬ್ಬರೇ. ಆದರೂ ಪತ್ತೇದಾರಮ್ಮ ಕೇಳಿದಳು, ಬೇರೆ ಯಾವ ಹೆಸರಾದರೂ ಬರಲಿ ಎಂದು ಆಸೆಪಟ್ಟು ಕೇಳಿದಳು.

“ಯಾರೇ? ಯಾರು ಹಾಗಂದದ್ದು?”

ಪುಟ್ಟಿ ಕಿವಿಯಿಂದ ಕೈ ತೆಗೆದಳು. ಅಳು ನಿಂತಿತ್ತು. ಅಕ್ಕನ ಮುಖವನ್ನೇ ಬೆಪ್ಪಾಗಿ ನೋಡುತ್ತ ಹೇಳಿದಳು:

“ಭಾವ. ಅವರು ನಿಂಗೆ ಹೇಳೇ ಇಲ್ವಾ? ನಿಂಗೆಲ್ಲ ಗೊತ್ತು, ಗೊತ್ತಿದ್ದೂ ಅವರನ್ನ ಕಾಪಾಡೋಕೆ ಮುಚ್ಚಿಡ್ತಿದ್ದೀಯ ಅಂದ್ಕೊಂಡೆ ಅಕ್ಕ. ನಾನು ಬಾಯಿ ಬಿಟ್ರೆ ನಿನ್ನ ಸಂಸಾರ ಹಾಳಾಗುತ್ತೆ ಅಂತ ಸುಮ್ಮನಿದ್ದೆ. ಜೈಲಾದ್ರೆ ಆಗ್ಲಿ ಅಂತ...”

ಮಾತು ಮುಗಿಯುವ ಮೊದಲೇ ಬಾಗಿಲು ತೆರೆಯಿತು. ಇನ್ಸ್‌ಪೆಕ್ಟರು ಒಳಗೆ ಬಂದರು. ಅವರ ಹಿಂದೆಯೇ ಫ್ಲಾಸ್ಕು ಹಿಡಿದುಕೊಂಡು ಅವಳ ಗಂಡ.

“ಹೊತ್ತಾಯ್ತಮ್ಮ,” ಎಂದರು ಇನ್ಸ್‌ಪೆಕ್ಟರು. “ನಾನು ಕೇಳೋದು ಒಂದೇ ಪ್ರಶ್ನೆ. ಅವತ್ತು ಉತ್ತರ ಬಂದ್ಮೇಲೆ ನಿಮ್ಮ ತಂಗಿ ಅದನ್ನ ಯಾರಿಗಾದ್ರೂ ಹೇಳಿದ್ರಾ, ಇಲ್ವಾ?”

ಪುಟ್ಟಿ ಅಕ್ಕನನ್ನು ನೋಡಿದಳು. ಅಕ್ಕ ಗಂಡನನ್ನು ನೋಡಿದಳು. ಅವನು ನಿಧಾನವಾಗಿ ಬಂದು ಟೀ ಬಗ್ಗಿಸಿ ಲೋಟವನ್ನು ಪುಟ್ಟಿಯ ಮುಂದಿಟ್ಟ. ಎಂದಿನಂತೆ ಅಕ್ಕರೆಯಿಂದ ಅವಳ ತಲೆ ಸವರಿದ.

“ಯಾರಿಗೂ ಹೇಳಿರಲ್ಲ ಸಾರ್,” ಎಂದ. “ಪಾಪ, ಹೆದರಿರ್ತಾಳೆ. ಹೇಳಿದ್ರೆ ನಾನು ಆ ಗಾಡಿ ತಳ್ತಿದ್ನಾ?”